ಎಡಗಡೆ ಕೂತವಳು

ಕಾದ ಬ್ರೇಕಿನ ವಾಸನೆ ಎಂದರೆ ನನಗೆ ಈಗಲೂ ಅಮ್ಮನ ಸೆರಗು. ಸುಟ್ಟ ತೆಂಗಿನ ಚಿಪ್ಪಿನ ಮೇಲೆ ಯಾರೋ ಒಂದು ಚಿಟಿಕೆ ಇಂಗು ಉದುರಿಸಿದ ಹಾಗಿರುತ್ತಿತ್ತು ಅದು. ಜೊತೆಗೆ ನಿಂಬೆಸಿಪ್ಪೆಯ ಒಗರು. ಪಂದ್ಯದ ದಿನ ಅಮ್ಮ ಹೊಟ್ಟೆ ತೊಳಸಿದರೆ ಮೂಸಲಿಕ್ಕೆಂದು ಸೆರಗಿನ ತುದಿಗೆ ನಿಂಬೆಸಿಪ್ಪೆ ಕಟ್ಟಿಕೊಂಡು ಹೋಗುತ್ತಿದ್ದಳು. ಸಂಜೆ ಮನೆಗೆ ಬಂದವಳು ಹೊಸ್ತಿಲಲ್ಲೇ ಕೂತುಬಿಡುತ್ತಿದ್ದಳು. ನಾನು ಓಡಿಹೋಗಿ ಆ ಸೆರಗಿನಲ್ಲಿ ಮುಖ ಹುದುಗಿಸಿದರೆ ಅವಳ ಹೊಟ್ಟೆ ಇನ್ನೂ ನಡುಗುತ್ತಿರುವುದು ನನ್ನ ಕೆನ್ನೆಗೆ ತಿಳಿಯುತ್ತಿತ್ತು. "ಇದು ನಂದಲ್ಲ ಮಗಾ, ಅವರದು. ಈಗ ಹೋಗ್ತದ," ಎನ್ನುತ್ತಿದ್ದಳು. ಒಂದು ತಂಬಿಗೆ ನೀರು ಕುಡಿಯುವಷ್ಟರಲ್ಲಿ ಅದು ಹೋಗಿಯೂ ಬಿಡುತ್ತಿತ್ತು.

ನಮ್ಮ ಊರಿನಲ್ಲಿ ಗಾಡಿ ಓಡಿಸುವವರ ಭಯ ಅವರ ಎಡಗಡೆ ಕೂತವರಿಗೆ ಹೋಗುತ್ತದೆ. ಗಡಿಕಲ್ಲಿನಿಂದ ಈಚೆಗೆ ಮಾತ್ರ. ಆಚೆಗೆ ದಾಟಿದರೆ ಎಲ್ಲ ಕಡೆಯಂತೆ ಅವರವರದು ಅವರವರಿಗೆ. ಗಾಡಿಯಿಂದ ಇಳಿದು ಸ್ವಲ್ಪ ಹೊತ್ತಾದರೆ ಭಯ ತನ್ನ ಒಡೆಯನ ಬಳಿಗೆ ಮರಳುತ್ತದೆ. ಬೇರೆ ಊರಿನವರು ಗಡಸು ನೀರಿಗೆ ಹೊಂದಿಕೊಂಡ ಹಾಗೆ ನಾವು ಇದಕ್ಕೆ ಹೊಂದಿಕೊಂಡಿದ್ದೇವೆ. ಬಸ್ಸಿನಲ್ಲಿ ಡ್ರೈವರನ ಎಡಕ್ಕೆ ಯಾರೂ ಕೂರದಂತೆ ಒಂದು ಮೂಟೆ ಉಪ್ಪು ಇಟ್ಟಿರುತ್ತಾರೆ. ಲಾರಿಯವರು ಕೆಲವರು ಆಡು ಕಟ್ಟಿಕೊಂಡು ಹೋಗಿ ನೋಡಿದರು. ಆಡು ಹಾಲು ಕೊಡುವುದನ್ನೇ ಬಿಟ್ಟಿತು. ಆಟೋದವರಿಗೆ ಎಡ ಸೀಟೇ ಇಲ್ಲ, ತಮ್ಮ ಭಯ ತಾವೇ ಇಟ್ಟುಕೊಳ್ಳಬೇಕು. ಹಾಗಾಗಿ ಊರಿನಲ್ಲಿ ಎಲ್ಲರಿಗಿಂತ ಗಂಭೀರವಾದ ಜನ ಅವರೇ, ಅಣ್ಣತಮ್ಮಂದಿರ ಜಗಳ ಬಿಡಿಸಲಿಕ್ಕೆ ಅವರನ್ನೇ ಕರೆಯುತ್ತಾರೆ. ಇನ್ನು ಮದುವೆ ಗೊತ್ತಾಗುವ ಮೊದಲು ಹುಡುಗಿ ಹುಡುಗನ ಎಡಕ್ಕೆ ಕೂತು ಸಂತೆಮಾಳದವರೆಗೆ ಹೋಗಿ ಬರುವುದು ವಾಡಿಕೆ. ನನ್ನನ್ನು ನೋಡಲು ಬಂದವನೊಬ್ಬ ದಾರಿಯುದ್ದಕ್ಕೂ ತನ್ನ ತಾಯಿಗೆ ಹೆದರುತ್ತಿದ್ದ. ಎದುರಿಗೆ ಎತ್ತಿನ ಗಾಡಿ ಬಂದಾಗಲೂ ತಾಯಿಗೇ ಹೆದರುತ್ತಿದ್ದ. ನಾನು ಬೇಡವೆಂದೆ. ಆಮೇಲೆ ಬಂದವರಲ್ಲೂ ಒಂದಲ್ಲ ಒಂದು ಕಂಡಿತು, ಹಾಗೇ ಉಳಿದೆ.

ವರ್ಷಕ್ಕೊಮ್ಮೆ, ಬಿಸಿಲು ಬಲಿಯುವ ಹೊತ್ತಿಗೆ, ಊರ ಹಿಂದಿನ ಕೋಡುಗಲ್ಲನ್ನು ಸುತ್ತಿ ಕಾರುಗಳ ಪಂದ್ಯ. ಗುಡ್ಡವನ್ನು ಬಳಸಿ ಹೋಗುವುದು ಒಂದೇ ರಸ್ತೆ. ತಿರುವುಗಳಲ್ಲಿ ಬಲಕ್ಕೆ ಬಂಡೆ, ಎಡಕ್ಕೆ ಒಣಗಿದ ಕೆರೆಯ ಆಳ. ಎಡ ಸೀಟು ಖಾಲಿ ಇಟ್ಟುಕೊಂಡು ಪಂದ್ಯಕ್ಕೆ ಇಳಿಯುವಂತಿಲ್ಲ. ಕೂತವರ ಕೈಯಲ್ಲಿ ಒಂದು ಹಿತ್ತಾಳೆಯ ಗಂಟೆ. ಭಯ ಬಂದ ಕೂಡಲೇ ಬಾರಿಸಬೇಕು, ಏಕೆಂದರೆ ಓಡಿಸುವವನಿಗೆ ತನ್ನ ಭಯದ ಸುದ್ದಿ ತಲುಪುವುದು ಆ ಸದ್ದಿನಿಂದ ಮಾತ್ರ. ಎಡಗಡೆಯವರು ಹಿಂದಿನ ರಾತ್ರಿಯಿಂದ ಉಪವಾಸ, ತುಂಬಿದ ಹೊಟ್ಟೆ ಇನ್ನೊಬ್ಬರ ಭಯವನ್ನು ಇಟ್ಟುಕೊಳ್ಳುವುದಿಲ್ಲ. ಪಂದ್ಯ ಮುಗಿದ ಮೇಲೆ ಹಾರ ಬೀಳುವ ಮೊದಲು, ಫೋಟೋ ತೆಗೆಯುವ ಮೊದಲು, ಓಡಿಸಿದವನು ಸೀಟಿನ ಹಿಂದೆ ಕಟ್ಟಿಟ್ಟ ಬುತ್ತಿಯನ್ನು ಎಡಗಡೆಯವರಿಗೆ ಕೊಡಬೇಕು. ಗೆರೆ ದಾಟುವ ಮುಂಚೆ ಬುತ್ತಿಯ ಗಂಟು ಬಿಚ್ಚಿದರೆ ಆ ಗಾಡಿ ಪಂದ್ಯದಿಂದ ಹೊರಗೆ. ಇಷ್ಟೇ ಕಟ್ಟಳೆ.

ಸುತ್ತಿನ ಕೊನೆಯಲ್ಲಿ ಇರುವ ತಿರುವಿಗೆ ಅತ್ತೆ ತಿರುವು ಎಂದು ಹೆಸರು. ಯಾವ ಸೊಸೆ ಇಟ್ಟ ಹೆಸರೋ ತಿಳಿಯದು. ಶುರುವಿನಲ್ಲಿ ಅಗಲವಾಗಿ, ಬಾ ತಾಯಿ ಎಂದು ನಗುತ್ತಾ ಕರೆದುಕೊಳ್ಳುತ್ತದೆ. ಒಳಗೆ ಹೋದ ಮೇಲೆ ಬಿಗಿಯಾಗುತ್ತಾ ಬಿಗಿಯಾಗುತ್ತಾ ಹೋಗುತ್ತದೆ. ನಾನು ಹೈಸ್ಕೂಲಿಗೆ ಸೇರಿದ ವರ್ಷ ನಾಗಭೂಷಣ ಎನ್ನುವವನು ಅಲ್ಲಿಂದ ಕೆರೆಗೆ ಹೋದ. ಅವನ ಎಡಕ್ಕೆ ಕೂತಿದ್ದವಳು ನನ್ನ ಅಮ್ಮ. ಅವಳು ಹೊರಗೆ ಎಸೆಯಲ್ಪಟ್ಟು ಲಂಟಾನದ ಪೊದೆಯಲ್ಲಿ ಬಿದ್ದಳು, ಬದುಕಿದಳು. ಅವನು ಉಳಿಯಲಿಲ್ಲ. ಆ ಹೊತ್ತಿನಲ್ಲಿ ಅವನಿಂದ ಅವಳಿಗೆ ಬಂದ ಭಯಕ್ಕೆ ವಾಪಸ್ಸು ಹೋಗಲು ಜಾಗವಿರಲಿಲ್ಲ.

ಅದು ಅವಳಲ್ಲೇ ಇತ್ತು, ಸಾಯುವ ತನಕ. ಊಟದ ಮಣೆಯ ಮೇಲೆ ಕೂತವಳು ಇದ್ದಕ್ಕಿದ್ದ ಹಾಗೆ ಎರಡೂ ಕೈಯಿಂದ ಮಣೆ ಹಿಡಿದುಕೊಳ್ಳುತ್ತಿದ್ದಳು. ಹಾಲು ಬಗ್ಗಿಸುವಾಗ ಬಲಗಾಲನ್ನು ನೆಲಕ್ಕೆ ಒತ್ತಿ ಒತ್ತಿ ಇಡುತ್ತಿದ್ದಳು, ಅಲ್ಲಿ ಬ್ರೇಕು ಇದ್ದ ಹಾಗೆ. ನಾಗಭೂಷಣನ ಹೆಂಡತಿ ಶಾಂತವ್ವ ತಿಂಗಳಿಗೊಮ್ಮೆಯೋ ಎರಡು ಸಲವೋ ಮಧ್ಯಾಹ್ನ ನಮ್ಮ ಮನೆಗೆ ಬರುತ್ತಿದ್ದಳು. ಅಮ್ಮನ ಪಕ್ಕ ಕೂತು ಅವಳ ಕೈ ಹಿಡಿದುಕೊಳ್ಳುತ್ತಿದ್ದಳು, ನಡುಕ ಬಂದರೆ ಸವರುತ್ತಿದ್ದಳು. ಗಂಡನದೆಂದು ಈ ಲೋಕದಲ್ಲಿ ಉಳಿದದ್ದು ಅದೊಂದೇ ಆಗಿತ್ತಲ್ಲ. ಹೋಗುವಾಗ ಅಮ್ಮ ಅವಳಿಗೆ ಕುಂಕುಮದ ಬದಲು ಒಂದು ಮುಷ್ಟಿ ಮಲ್ಲಿಗೆ ಕೊಡುತ್ತಿದ್ದಳು, ಮುಡಿಯದಿದ್ದರೂ ಮೂಸಲಿ ಎಂದು.

ಇಷ್ಟೆಲ್ಲ ನೋಡಿಯೂ ನಾನು ಯಾಕೆ ಎಡಗಡೆ ಕೂರಲು ಹೋದೆ ಎಂದು ಕೇಳುವವರಿದ್ದಾರೆ. ಪರವೂರಿನ ಕಾಲೇಜಿನಲ್ಲಿ ಬಿಎಸ್ಸಿ ಮಾಡಿಕೊಂಡು ಬಂದು ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಅಮ್ಮನ ಒಳಗೆ ಕೂತಿರುವುದು ಎಂಥದು ಎಂದು ತಿಳಿಯದೆ ನನಗೆ ನಿದ್ದೆ ಬರುತ್ತಿರಲಿಲ್ಲ. ಆಗ ಫಕೀರಪ್ಪನವರು ಪಂದ್ಯಕ್ಕೆ ತಮ್ಮ ಗಾಡಿಗೆ ಬರುತ್ತೀಯಾ ಎಂದು ಕೇಳಿದರು. ಅವರ ಎಡಕ್ಕೆ ಕೂರುತ್ತಿದ್ದ ತಂಗಿ ಮದುವೆಯಾಗಿ ಹೋಗಿದ್ದಳು.

ಫಕೀರಪ್ಪನವರದು ಗಡಿಯಾರದ ಅಂಗಡಿ. ತಲೆಗೆ ಸಂಪಿಗೆ ಎಣ್ಣೆ, ಬಾಯಲ್ಲಿ ಸದಾ ಒಂದು ಹಾಡು, ಅದೂ ಅಪಸ್ವರದಲ್ಲಿ. ತಮ್ಮನ್ನು ತಾವು ಹೊಗಳಿಕೊಳ್ಳುವುದರಲ್ಲಿ ಅವರಿಗೆ ಯಾವ ಸಂಕೋಚವೂ ಇರಲಿಲ್ಲ. "ಈ ಊರಾಗ ಗಾಡಿ ಹೊಡಿಯೋರು ಭಾಳ ಮಂದಿ ಅದಾರ ಅಂಬಕ್ಕ, ಓಡಿಸೋನು ನಾ ಒಬ್ಬನ," ಎನ್ನುತ್ತಿದ್ದರು. ಮೊದಲ ದಿನ ಅವರ ಎಡಕ್ಕೆ ಕೂತಾಗ ಅತ್ತೆ ತಿರುವಿನಲ್ಲಿ ನನ್ನ ಪ್ರಾಣ ಹೋಗುತ್ತದೆಂದುಕೊಂಡು ಕಣ್ಣು ಮುಚ್ಚಿದ್ದೆ. ತಿರುವಿನಲ್ಲಿ ಏನೂ ಬರಲಿಲ್ಲ. ತಿರುವಿಗೆ ಎಷ್ಟೋ ಮೊದಲು, ನೇರ ರಸ್ತೆಯಲ್ಲಿ, ಎಡಬಲದಲ್ಲಿ ಸೂರ್ಯಕಾಂತಿ ಹೊಲ ಬಿಟ್ಟರೆ ಬೇರೇನೂ ಇಲ್ಲದ ಕಡೆ, ನನ್ನ ಹೊಟ್ಟೆಯಲ್ಲಿ ಒಂದು ಎಳೆ ಎಳೆದ ಹಾಗಾಯಿತು. ಸಣ್ಣ ಎಳೆ, ಆದರೆ ಬಿಡದೆ ಬಿಗಿಯುವಂಥದು. ನಾನು ಗಂಟೆ ಬಾರಿಸಿದೆ. ಹೊಲದಲ್ಲಿದ್ದವರು ನಕ್ಕರು. ಆ ಹೊತ್ತಿಗಾಗಲೇ ಫಕೀರಪ್ಪನವರ ಕಾಲು ಬ್ರೇಕಿನ ಮೇಲಿತ್ತು. ತಿರುವಿನ ಬಾಯಿಗೆ ಬರುವಾಗ ಎಳೆ ಸಡಿಲಾಗುತ್ತಾ ಬಂತು, ಒಳಗೆ ಹೋದ ಮೇಲೆ ಪೂರ್ತಿ ಮೌನ. ಆ ಮೌನದಲ್ಲೇ ಮುಂದಿನ ತಿರುವಿನ ಎಳೆ ಮೆಲ್ಲಗೆ ಶುರುವಾಯಿತು.

ಬ್ರೇಕು ಎಲ್ಲರೂ ಒತ್ತುತ್ತಾರೆ. ಅವರು ಅದನ್ನು ಬಿಡುವ ರೀತಿಯೇ ಬೇರೆ. ನಿದ್ದೆ ಹೋದ ಕೂಸನ್ನು ತೋಳಿನಿಂದ ತೊಟ್ಟಿಲಿಗೆ ಇಳಿಸಿ, ಆಮೇಲೆ ಕೈಯನ್ನು ಒಂದೊಂದೇ ಬೆರಳಾಗಿ ತೆಗೆದುಕೊಳ್ಳುತ್ತೇವಲ್ಲ, ಹಾಗೆ. ಗಾಡಿಗೆ ಎಚ್ಚರವೇ ಆಗುತ್ತಿರಲಿಲ್ಲ. ಒಂದು ಸಲ ಪಂದ್ಯದ ನಡುವೆ, ಅತ್ತೆ ತಿರುವಿನ ಹೊಟ್ಟೆಯಲ್ಲೇ, ಕೆರೆಯ ಅಂಚು ನನ್ನ ಬಾಗಿಲಿಗೆ ತಾಗುವಷ್ಟು ಹತ್ತಿರ ಇರುವಾಗ, "ಅಂಬಕ್ಕ, ಸೆರಗು ಬಾಗಲದಾಗ ಸಿಕ್ಕೈತಿ, ಒಳಗ ಎಳಕೋ, ಹೊಸಾ ಸೀರಿ," ಎಂದರು. ಮನೆಗೆ ಬಂದು ಅದನ್ನೇ ಯೋಚಿಸಿದೆ. ಸಾವಿನ ಪಕ್ಕದಲ್ಲಿ ಹೋಗುವಾಗ ಇನ್ನೊಬ್ಬಳ ಸೀರೆ ಕಾಣಬೇಕಾದರೆ ಆ ಮನುಷ್ಯನಲ್ಲಿ ಎಷ್ಟು ಜಾಗ ಖಾಲಿ ಉಳಿದಿರಬೇಕು!

ಅವರ ಗಾಡಿ ರಿಪೇರಿಯಲ್ಲಿದ್ದ ವರ್ಷಗಳಲ್ಲಿ ನಾನು ಬೇರೆಯವರ ಎಡಕ್ಕೂ ಕೂತಿದ್ದೇನೆ. ಅವರೇನೂ ಕೆಟ್ಟವರಲ್ಲ, ಚೆನ್ನಾಗಿಯೇ ಓಡಿಸುತ್ತಿದ್ದರು. ಮದುವೆಗೋ ಆಸ್ಪತ್ರೆಗೋ ಅವರ ಜೊತೆ ನಿಶ್ಚಿಂತೆಯಿಂದ ಹೋಗಬಹುದಿತ್ತು. ಆದರೆ ಅವರ ಭಯ ನೇರ ರಸ್ತೆಯಲ್ಲಿ ಬರುತ್ತಲೇ ಇರಲಿಲ್ಲ. ತಿರುವಿನ ಬಾಯಿಗೆ ಬಂದ ಮೇಲೆ ಒಂದು ಮುದ್ದೆಯಾಗಿ ಎದೆಗೆ ಬಡಿಯುತ್ತಿತ್ತು. ನಾನು ಗಂಟೆ ಬಾರಿಸುವುದು, ಅವರು ಸದ್ದಿಗೆ ಬೆಚ್ಚಿ ತಿರುವಿನ ಒಳಗೆ ಬ್ರೇಕು ತುಳಿಯುವುದು, ಹಿಂದಿನ ಗಾಲಿ ಜಾರುವುದು, ಹೇಗೋ ಸಂಭಾಳಿಸಿಕೊಳ್ಳುವುದು. ನೋಡುವವರಿಗೆ ಅದೇ ದೊಡ್ಡ ಸಾಹಸ, ಚಪ್ಪಾಳೆ ಬೀಳುತ್ತಿದ್ದುದೂ ಅವರಿಗೇ. ಇದು ಹೀಗ್ಯಾಕೆ ಎಂದು ಕೇಳಿದ್ದಕ್ಕೆ ಫಕೀರಪ್ಪನವರು, "ಕಣ್ಣು ಎಲ್ಲಿಗೆ ಹೋಗಿರ್ತದೋ ಭಯ ಅಲ್ಲಿಂದ ಬರ್ತದ. ಅವರ ಕಣ್ಣು ಬಾನೆಟ್ಟಿನ ತುದಿ ಬಿಟ್ಟು ಕದಲಂಗಿಲ್ಲ," ಎಂದರು. ಮತ್ತೆ ತಲೆಗೆ ಬಾಚಣಿಗೆ ಹಾಕಿಕೊಂಡರು. ಅವರು ವಯಸ್ಸಾಗಿ, ತಮ್ಮ ಹಾಸಿಗೆಯಲ್ಲೇ ತೀರಿಕೊಂಡರು. ಆಮೇಲೆ ನಾನು ಗಂಟೆಯನ್ನು ದೇವರ ಗೂಡಿನ ಪಕ್ಕದ ಮೊಳೆಗೆ ತೂಗುಹಾಕಿದೆ.

ಅಲ್ಲಿಂದ ಅದನ್ನು ಇಳಿಸಿದವಳು ಚಿತ್ಕಲಾ.

ಚಿತ್ಕಲಾ ನನ್ನ ತಮ್ಮನ ಮೊಮ್ಮಗಳು. ಅವಳ ಅಪ್ಪ ವಾಮದೇವ ಊರಿನಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಾನೆ. ಕಲಿಯುವವರ ಎಡಕ್ಕೆ ಕೂತು ಕೂತು ಮೂವತ್ತು ತುಂಬುವ ಮೊದಲೇ ಅವನ ತಲೆ ಬೆಳ್ಳಗಾಗಿತ್ತು. ಈ ಹುಡುಗಿಗೆ ಆ ಕಷ್ಟವೂ ಇರಲಿಲ್ಲ, ಅವಳು ಸ್ಟೀರಿಂಗ್ ಹಿಡಿದ ದಿನದಿಂದಲೂ ಯಾರಾದರೊಬ್ಬರು ಎಡಕ್ಕೆ ಕೂತಿರುತ್ತಿದ್ದರು. ಬಯಲಿನ ಸಣ್ಣ ಪಂದ್ಯಗಳಲ್ಲಿ ಗೆದ್ದು ಮನೆ ತುಂಬ ಕಪ್‌ಗಳನ್ನಿಟ್ಟಿದ್ದಳು. ಈ ವರ್ಷ ಕೋಡುಗಲ್ಲಿನ ಪಂದ್ಯಕ್ಕೆ ಹೆಸರು ಕೊಟ್ಟು ಬಂದಿದ್ದಳು.

"ಅಜ್ಜಿ, ಫಕೀರಪ್ಪಜ್ಜನ ಗಂಟಿ ನೀನ ಹಿಡೀಬೇಕು ನೋಡು. ನೀ ಕೂತ್ರ ಆ ತೋಟೇಂದ್ರ ನೋಡೇ ಅರ್ಧ ಸಾಯ್ತಾನ," ಎಂದಳು. ತೋಟೇಂದ್ರ ಹೋದ ವರ್ಷ ಗೆದ್ದವನು.

"ನಂಗ ವಯಸ್ಸೆಷ್ಟು ಗೊತ್ತೇನವಾ?"

"ಓಡಿಸೋದು ನಾ. ನೀ ಸುಮ್ಮನ ಕೂಡೋದು. ಮನ್ಯಾಗೂ ಕೂತ ಇರ್ತೀಯಲ್ಲ."

ಒಂದು ಸಲ ಅಭ್ಯಾಸಕ್ಕೆ ಮಾತ್ರ ಎಂದು ಹೋದೆ. ನೇರ ರಸ್ತೆಯಲ್ಲಿ ಕಾದೆ. ಸೂರ್ಯಕಾಂತಿ ಹೊಲ ಬಂತು, ಹೋಯಿತು. ನನ್ನ ಹೊಟ್ಟೆ ಕೆರೆಯಷ್ಟೇ ಒಣಗಿತ್ತು, ಒಂದು ಎಳೆಯೂ ಇಲ್ಲ. ಹುಡುಗಿ ಖುಷಿಯಲ್ಲಿ ಏನೋ ಗುನುಗುತ್ತಿದ್ದಳು. ಅತ್ತೆ ತಿರುವು ನಗುತ್ತಾ ಬಾಯಿ ತೆರೆಯಿತು, ನಾವು ಒಳಗೆ ಹೋದೆವು, ಆಗ ಬಂತು. ಮುದ್ದೆಯಾಗಿ, ಎದೆಗೆ. ನನ್ನ ಕೈ ತಾನಾಗಿ ಗಂಟೆ ಬಾರಿಸಿತು. ಅವಳು ಬ್ರೇಕು ತುಳಿದಳು, ಹಿಂದಿನ ಗಾಲಿ ಕೆರೆಯ ಕಡೆಗೆ ಜಾರಿ ಕಲ್ಲುಗಳು ಕೆಳಗೆ ಉರುಳಿದ ಸದ್ದು ಕೇಳಿತು, ಅವಳು ಸ್ಟೀರಿಂಗ್ ಎಳೆದು ಹೇಗೋ ಉಳಿಸಿಕೊಂಡಳು. "ನೋಡ್ದೀ ಅಜ್ಜಿ!" ಎಂದು ನಕ್ಕಳು. ಅವಳ ಪಾಲಿಗೆ ಅಲ್ಲಿ ಏನೂ ನಡೆದಿರಲಿಲ್ಲ. ನಡೆದದ್ದೆಲ್ಲ ನನ್ನ ಎದೆಯಲ್ಲಿ ಕೂತಿತ್ತು.

ಆ ದಿನ ಊಟಕ್ಕೆ ಕೂತಾಗ ನಾನು ಮಣೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದೆ. ಅದನ್ನು ಗಮನಿಸಿದ್ದು ನಾನೊಬ್ಬಳೇ.

"ಚಿತ್ಕಲಾ, ನಿನ್ನ ಭಯ ತಡವಾಗಿ ಬರ್ತದ," ಎಂದು ಹೇಳಿದೆ.

"ನಮ್ಮೂರ ಬಸ್ಸಿನಂಗ. ಬರದ ಇದ್ರ ಇನ್ನೂ ಚೊಲೋ."

"ನಗಬ್ಯಾಡ. ನೀನು ಚಂದ ಓಡಿಸ್ತಿ. ಅಷ್ಟ ಸಾಕಾಗಂಗಿಲ್ಲ ಅಲ್ಲಿ. ನಾಗಭೂಷಣನೂ ಚಂದನ ಓಡಿಸ್ತಿದ್ದ."

"ಅಂವ ಹೋಗಿ ಯಾವ ಕಾಲ ಆತು. ಈಗಿನ ಟೈರ್ ಬ್ಯಾರೆ ಅಜ್ಜಿ." ಅಲ್ಲಿಗೆ ಮಾತು ಮುಗಿಯಿತು. ಅವಳ ತಪ್ಪೂ ಅಲ್ಲ. ಓಡಿಸುವ ಹೊತ್ತಿನಲ್ಲಿ ಒಮ್ಮೆಯೂ ತನ್ನ ಭಯದ ಮುಖವನ್ನೇ ನೋಡದವಳಿಗೆ ಅದು ಹೊತ್ತಿಗೆ ಸರಿಯಾಗಿ ಬಂತೋ ಇಲ್ಲವೋ ಎಂದು ಹೇಗೆ ತಿಳಿಯಬೇಕು? ಇದು ನಮ್ಮ ಊರಿನವರಷ್ಟೇ ಮಾಡಬಹುದಾದ ತಪ್ಪು. ಮಕ್ಕಳಿಗೆ ಗಾಡಿ ಕಲಿಸುವಾಗ ಪ್ರೀತಿಯಿಂದ ಎಡಕ್ಕೆ ಕೂರುತ್ತೇವೆ, ಅವರ ಭಯವನ್ನೆಲ್ಲ ನಾವೇ ತಿಂದುಬಿಡುತ್ತೇವೆ.

ನಾನು ಕೂರುವುದಿಲ್ಲ ಎಂದರೆ ಅವಳು ಬೇರೆ ಯಾರನ್ನಾದರೂ ಕೂರಿಸಿಕೊಂಡು ಹೋಗುತ್ತಿದ್ದಳು. ವಾಮದೇವ ಒಂದು ಬೆಳಿಗ್ಗೆ ಬಂದು ಜಗಲಿಯ ಮೇಲೆ ಕೂತ. ನನ್ನ ಕನ್ನಡಕದ ಸಡಿಲಾದ ಸ್ಕ್ರೂ ಬಿಗಿ ಮಾಡಿಕೊಟ್ಟ, ಹೊರಡುವಾಗ, "ದೊಡ್ಡತ್ತಿ, ನಂಗ ಅಕಿನ್ನ ಬ್ಯಾಡ ಅನ್ನಾಕ ಬಾಯಿ ಬರವಲ್ದು. ಕಲಿಸಿದಾಂವ ನಾನ ಅದೀನಿ," ಎಂದ. ಅವನ ಕಣ್ಣಿನಲ್ಲಿದ್ದದ್ದು ಮಾತ್ರ ಅವನದೇ ಭಯವಾಗಿತ್ತು.

ಆಗ ನನಗೆ ಹೊಳೆಯಿತು. ಮರುದಿನ ಮುಂಜಾನೆ ಚಿತ್ಕಲಾ ಗಾಡಿ ತಂದಾಗ ನಾನು ಬಲಗಡೆಯ ಬಾಗಿಲ ಬಳಿ ಹೋಗಿ ನಿಂತೆ. "ಇವತ್ತು ನಾ ಓಡಿಸ್ತೀನಿ. ನೀ ಆ ಕಡೆ ಕೂಡು. ಗಂಟಿ ಹಿಡಕೋ."

ಅವಳು ಬಿದ್ದು ಬಿದ್ದು ನಕ್ಕಳು. ವಾಮದೇವ ಎಂದೋ ಹಟಕ್ಕೆ ನನಗೆ ಗಾಡಿ ಕಲಿಸಿದ್ದ. ಡೈರಿಯವರೆಗೆ ಹೋಗಿ ಹಾಲು ತಂದದ್ದಷ್ಟೇ ನನ್ನ ಸಾಧನೆ. "ಅಜ್ಜಿ, ಕ್ಲಚ್ ಯಾವ್ದು ನೆನಪೈತಿಲ್ಲೋ?" ಎನ್ನುತ್ತಲೇ ಎಡಕ್ಕೆ ಕೂತಳು. ನಾನು ಕೀಲಿ ತಿರುಗಿಸಿದೆ. ಗಾಡಿ ಎರಡು ಸಲ ಕುಪ್ಪಳಿಸಿ ಹೊರಟಿತು. ಹೊರಟ ಗಳಿಗೆಯಲ್ಲೇ ನಾನು ಹಗುರಾದೆ.

ಅದನ್ನು ಹೇಗೆ ಹೇಳಲಿ! ಅಮ್ಮ ಮಣೆ ಹಿಡಿದುಕೊಂಡ ದಿನದಿಂದ ನನ್ನ ಪಕ್ಕೆಲುಬಿನ ಕೆಳಗೆ ಒಂದು ಕೈ ಸದಾ ಮುಷ್ಟಿ ಕಟ್ಟಿಕೊಂಡಿರುತ್ತಿತ್ತು. ಅದು ಅಲ್ಲಿದೆಯೆಂಬುದೇ ಮರೆತುಹೋಗಿತ್ತು. ಈಗ ಆ ಮುಷ್ಟಿ ಬಿಚ್ಚಿತು. ಗಾಳಿ ತಣ್ಣಗಿತ್ತು. ಹೊಲದಲ್ಲಿ ಸೂರ್ಯಕಾಂತಿಗಳೆಲ್ಲ ನನ್ನ ಕಡೆಗೇ ತಿರುಗಿ ನಿಂತಿದ್ದವು. ರಸ್ತೆ ನನ್ನದು, ಕಾಲು ನನ್ನದು, ಇನ್ನಷ್ಟು ಒತ್ತಿದರೆ ಏನಾದೀತು ಎನ್ನಿಸಿತು. ಒತ್ತಿದೆ. ಇನ್ನಷ್ಟು ಒತ್ತಿದೆ. ಗಂಟೆ ಮೊಳಗಿತು.

"ಅಜ್ಜಿ, ಮೆಲ್ಲಕ."

"ಯಾಕ? ಇಲ್ಲೇನದ? ರಸ್ತಾ ನೆಟ್ಟಗ ಅದ."

"ಗೊತ್ತಿಲ್ಲ. ಏನೋ... ಹೊಟ್ಟಿ ಹಿಡದಂಗ ಆಗಾಕತ್ತೈತಿ. ಅಜ್ಜಿ, ಮೆಲ್ಲಕ ಹೋಗು, ದಮ್ಮಯ್ಯ!" ಗಂಟೆ ಮತ್ತೆ ಮತ್ತೆ ಮೊಳಗಿತು. ನನಗೆ ಅದು ಎಲ್ಲೋ ದೂರದ ಗುಡಿಯ ಗಂಟೆಯಂತೆ ಇಂಪಾಗಿ ಕೇಳುತ್ತಿತ್ತು. ನಾನು ನಗುತ್ತಿದ್ದೆ. ಎಪ್ಪತ್ತು ದಾಟಿದ ಮುದುಕಿ, ಕನ್ನಡಕ ಮೂಗಿನ ತುದಿಗೆ ಜಾರಿದೆ, ನಗುತ್ತಾ ಅತ್ತೆ ತಿರುವಿನ ಕಡೆಗೆ ಹೋಗುತ್ತಿದ್ದೇನೆ. ತಿರುವು ಬಾ ತಾಯಿ ಎಂದು ಕರೆಯಿತು. ನಾಗಭೂಷಣನಿಗೂ ಹೀಗೇ ಕರೆದಿರಬೇಕು, ಅವನೂ ಹೀಗೇ ಹಗುರಾಗಿ ಹೋಗಿರಬೇಕು ಎಂದು ತಲೆಗೆ ಬಂತು. ಬಂದರೂ ಹೊಟ್ಟೆಗೆ ಇಳಿಯಲಿಲ್ಲ. ಹೊಟ್ಟೆ ನನ್ನ ಬಳಿ ಇರಲೇ ಇಲ್ಲ.

ಚಿತ್ಕಲಾ ಗಂಟೆ ಬಿಟ್ಟು ನನ್ನ ಮೊಣಕೈ ಹಿಡಿದಳು. ಅವಳ ಬೆರಳು ಮಂಜುಗಡ್ಡೆಯಾಗಿದ್ದವು. ಅವು ತಣ್ಣಗೆ ಮುಟ್ಟಿದ್ದಕ್ಕೆ ನಾನು ಬ್ರೇಕು ಒತ್ತಿದೆ, ಭಯದಿಂದಲ್ಲ. ಗಾಡಿ ಕಿರುಚಿ, ಅಡ್ಡವಾಗಿ, ಸುಣ್ಣ ಬಳಿದ ಅಂಚುಗಲ್ಲಿಗೆ ಮುಂದಿನ ಗಾಲಿ ತಾಗಿಸಿ ನಿಂತಿತು. ಕಾದ ಬ್ರೇಕಿನ ವಾಸನೆ ಒಳಗೆಲ್ಲ ತುಂಬಿತು.

ಅವಳು ಇಳಿದು ಹೋಗಿ ಹೊಂಗೆಮರದ ಬುಡದಲ್ಲಿ ವಾಂತಿ ಮಾಡಿಕೊಂಡಳು. ನಾನು ನೀರಿನ ಬಾಟಲಿ ಹಿಡಿದು ಅವಳ ಬೆನ್ನು ಸವರುತ್ತಾ ನಿಂತೆ. ನಿಂತಿದ್ದ ಹಾಗೇ ನನ್ನದು ನನಗೆ ಮರಳಿತು, ಅಲ್ಲೇ ಕೂತೆ. ಬಹಳ ಹೊತ್ತು ಇಬ್ಬರೂ ಕೆರೆಯ ಕಡೆ ನೋಡಲಿಲ್ಲ.

"ಅಷ್ಟು ದೂರದಿಂದ ಬರ್ತದೇನು ಅದು?" ಎಂದು ಕೇಳಿದಳು.

"ಬರಬೇಕು."

"ಹೊಲ ಶುರು ಆಗೋ ಕಡಿಂದ ಹಿಡಕೊಂಡಿತ್ತು ಅಜ್ಜಿ." ಬಾಯಿ ಒರೆಸಿಕೊಂಡಳು. "ಮತ್ತ ಅದು ನಿನ್ನ ಸಲುವಾಗಿ ಇರಲಿಲ್ಲ. ಎಲ್ಲಾ ನನ್ನ ಸಲುವಾಗಿನ ಇತ್ತು. ಒಂಚೂರಾರ ನಿನಗಂತ ಇಟಗೊಳ್ಳೋದಲ್ಲ?"

ಅವಳು ಗಾಡಿಯಲ್ಲಿ ಕಳಚಿ ಬಿದ್ದಿದ್ದ ನನ್ನ ಚಪ್ಪಲಿ ಹುಡುಕಿ ತಂದು ಕಾಲಿನ ಮುಂದಿಟ್ಟಳು.

ಅಂದಿನಿಂದ ಅವಳ ಹಾಡು ನಿಂತಿತು. ದಿನವೂ ಬೆಳಿಗ್ಗೆ ಅವಳು ಓಡಿಸುತ್ತಿದ್ದಳು, ನಾನು ಎಡಕ್ಕೆ. ಮೊದಲ ವಾರ ಗಂಟೆ ತಿರುವಿನ ಬಾಯಲ್ಲೇ ಮೊಳಗುತ್ತಿತ್ತು. ಆಮೇಲೆ ಹೊಂಗೆಮರದ ಬಳಿ. ಆಮೇಲೆ ಹಾಳು ಬಾವಿಯ ಬಳಿ. ಹೊಲದವರು ಕೈಗೆ ಕುಡುಗೋಲು ಹಿಡಿದು ನಿಂತು, "ಅಮ್ಮಾರ, ಇವತ್ತ ಗಂಟಿ ನಮ್ಮ ಹೊಲಕ್ಕ ಬಂತ್ರಿ! ನಾಳೆ ನಮ್ಮ ಮನೀಗೇ ಬರ್ತದೋ ಏನೋ," ಎಂದು ನಗುತ್ತಿದ್ದರು. ಗಂಟೆ ರಸ್ತೆಯಲ್ಲಿ ಹಿಂದೆ ಹಿಂದೆ ನಡೆದ ಹಾಗೆಲ್ಲ ಮುದ್ದೆ ಕರಗಿ ಎಳೆಯಾಗುತ್ತಾ ಬಂತು. ಬ್ರೇಕು ಬಿಡುವುದನ್ನು ಅವಳು ಬರಿಗಾಲಲ್ಲಿ ಕಲಿತಳು. ಆದರೂ ನನ್ನ ಹೆದರಿಕೆ ಹೋಗಲಿಲ್ಲ. ಅಭ್ಯಾಸದಲ್ಲಿ ಬಂದದ್ದು, ಎದುರಿಗೆ ಇನ್ನೊಬ್ಬನ ಬೆನ್ನು ಕಂಡಾಗ ಬಂದೀತೇ? ಬರದಿದ್ದರೆ ಅವಳು ಹೋಗುತ್ತಾಳೆ, ಅವಳ ಕೊನೆಯ ಭಯ ನನ್ನಲ್ಲಿ ಉಳಿಯುತ್ತದೆ. ವಾಮದೇವ ತಿಂಗಳಿಗೊಮ್ಮೆ ಬಂದು ನನ್ನ ಕೈ ಹಿಡಿದುಕೊಂಡು ಕೂರುವುದು ನನ್ನ ಕಣ್ಣಿಗೆ ಕಟ್ಟುತ್ತಿತ್ತು.

ಪಂದ್ಯದ ದಿನ ಬಿಸಿಲು ಬೆಳಿಗ್ಗೆಯೇ ಏರಿತ್ತು. ಚಿತ್ಕಲಾ ಬುತ್ತಿಯನ್ನು ಸೀಟಿನ ಹಿಂದೆ ಕಟ್ಟಿ, ನನ್ನ ಬೆನ್ನಿಗೆ ಒಂದು ದಿಂಬು ಇಟ್ಟು ಸರಿಯಾಯಿತೇ ಎಂದು ಎರಡು ಸಲ ಕೇಳಿದಳು. ಪಕ್ಕದ ಗಾಡಿಯಿಂದ ತೋಟೇಂದ್ರ ಕತ್ತು ಹೊರಗೆ ಹಾಕಿದ. "ಏನವಾ ಚಿತ್ಕಲಾ, ಅಜ್ಜಿನ್ನ ದವಾಖಾನಿಗೆ ಕರಕೊಂಡು ಹೊಂಟೀಯೇನು?"

"ಹೌದೋ. ನೀ ಮುಂದ ಮುಂದ ಒದರಕೋತ ಹೋಗು, ದಾರಿ ಬಿಡ್ತಾರ."

ಬಾವುಟ ಬಿತ್ತು. ಮೂರು ಸುತ್ತು. ಮೊದಲನೆಯದರಲ್ಲಿ ನಾನು ಉಸಿರು ಬಿಗಿಹಿಡಿದು ಹೊಲಕ್ಕಾಗಿ ಕಾದೆ. ಹೊಲ ಶುರುವಾಯಿತು. ಬರಲಿಲ್ಲ. ಅರ್ಧ ಹೊಲ ಹೋಯಿತು. ತಾಯಿ, ಬಾ, ಎಂದುಕೊಂಡೆ; ಜನ್ಮದಲ್ಲಿ ಮೊದಲ ಸಲ ಭಯವನ್ನು ಹಾಗೆ ಕರೆದೆ. ಹಾಳು ಬಾವಿಯ ಬಳಿ ಎಳೆ ಬಂತು. ಸಣ್ಣದು, ಬಿಗಿಯಾದದ್ದು. ನಾನು ಗಂಟೆ ಬಾರಿಸುವ ಮೊದಲೇ ಅವಳ ಕಾಲು ಕದಲಿತ್ತು. ಅತ್ತೆ ತಿರುವಿನೊಳಗೆ ಮೌನ. ಎಷ್ಟೋ ವರ್ಷಗಳ ಹಿಂದಿನ, ಸಂಪಿಗೆ ಎಣ್ಣೆಯ ವಾಸನೆಯ ಮೌನ. ಎರಡನೆಯ ಸುತ್ತಿನಲ್ಲೂ ಹಾಗೆಯೇ. ಮೂರನೆಯದಕ್ಕೆ ನಮ್ಮ ಮುಂದೆ ತೋಟೇಂದ್ರ ಒಬ್ಬನೇ ಉಳಿದಿದ್ದ.

ಅತ್ತೆ ತಿರುವಿನ ಒಳಗೆ ಅವನ ಗಾಡಿಯ ಗಂಟೆ ಹುಚ್ಚೆದ್ದು ಮೊಳಗಿದ್ದು ನಮಗೂ ಕೇಳಿಸಿತು. ಅವನು ಅಲ್ಲೇ ಬ್ರೇಕು ತುಳಿದ. ಗಾಡಿ ಅಡ್ಡವಾಗಿ ಕೆರೆಯ ಅಂಚಿನ ಕಡೆ ಜಾರಿ, ಧೂಳೆಬ್ಬಿಸಿ, ಅಂಚುಗಲ್ಲನ್ನು ಉಜ್ಜಿಕೊಂಡು ಉಳಿಯಿತು. ಆ ಧೂಳಿನ ಒಳಬದಿಯಿಂದ ಚಿತ್ಕಲಾ, ಕೂಸನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಕಾಲು ಸಡಿಲಿಸುತ್ತಾ, ದಾಟಿಕೊಂಡು ಹೋದಳು. ಮುಂದೆ ಯಾರೂ ಇಲ್ಲ. ನೇರ ರಸ್ತೆ, ಅದರ ತುದಿಯಲ್ಲಿ ಸುಣ್ಣದ ಗೆರೆ, ಗೆರೆಯ ಆಚೆ ಜನ.

ಆಗ ಒಂದು ಭಯ ಬಂತು. ಎಳೆಯಲ್ಲ, ಮುದ್ದೆಯೂ ಅಲ್ಲ. ನಾನು ಯಾರ ಎಡಕ್ಕೆ ಕೂತಾಗಲೂ ಕಾಣದಂಥದು. ರಸ್ತೆಯ ಕಡೆಯಿಂದ ಬಂದದ್ದಲ್ಲ, ಕೆರೆಯ ಕಡೆಯಿಂದಲೂ ಅಲ್ಲ. ಮೆತ್ತಗೆ, ಬೆಚ್ಚಗೆ, ನನ್ನ ಸುತ್ತಲೇ ಸುತ್ತಿಕೊಳ್ಳುತ್ತಿತ್ತು. ಮುಂದೆ ತಿರುವಿಲ್ಲ, ಗಾಡಿಯಿಲ್ಲ, ಇವಳು ಯಾತಕ್ಕೆ ಹೆದರುತ್ತಿದ್ದಾಳೆ? ಗಂಟೆ ಬಾರಿಸಲು ಹೋದೆ. ಬೆರಳುಗಳಿಗೆ ಅದು ಸಿಗಲಿಲ್ಲ. ಗಾಡಿ ನಿಧಾನವಾಗುತ್ತಿತ್ತು. ಪಕ್ಕದಲ್ಲಿ ಹಾರ್ನ್ ಬಾರಿಸುತ್ತಾ ತೋಟೇಂದ್ರ ಹಾದುಹೋದ. ಚಿತ್ಕಲಾ ರಸ್ತೆಯ ಬದಿಯ ಬೇವಿನ ನೆರಳಿಗೆ ಗಾಡಿ ತಂದು, ಅಲುಗಿಸದ ಹಾಗೆ ನಿಲ್ಲಿಸಿ, ಇಂಜಿನ್ ಆರಿಸಿದಳು.

"ಏನಾತು?" ಎಂದೆ. ನನ್ನ ಧ್ವನಿ ನನಗೇ ಕೇಳಿಸಲಿಲ್ಲ. ಅವಳು ಇಳಿದು ಸುತ್ತಿ ಬಂದು ನನ್ನ ಬಾಗಿಲು ತೆರೆದಳು. ತನ್ನ ದುಪಟ್ಟಾದಿಂದ ನನ್ನ ಹಣೆ ಒರೆಸಿದಳು. ಬಟ್ಟೆ ನೀರಲ್ಲಿ ಅದ್ದಿದ ಹಾಗೆ ಒದ್ದೆಯಾಯಿತು.

"ಸುತ್ತಿಂದ ಸುತ್ತಿಗೆ ಗಂಟಿ ಸದ್ದು ಸಣ್ಣಾಗಾಕತ್ತಿತ್ತು ಅಜ್ಜಿ. ಈ ಸಲ ಅತ್ತಿ ತಿರುವಿಗೆ ಬರಬೇಕಾದ್ರ ಬರೇ ಟಿಣ್ ಅಂತು. ತಿರುವಿನೊಳಗ ನೋಡಿದ್ರ ನಿನ್ನ ತುಟಿ ಬೆಳ್ಳಗ ಆಗ್ಯಾವು."

ತಿರುವಿನೊಳಗೆ! ಬಲಕ್ಕೆ ಬಂಡೆ, ಎಡಕ್ಕೆ ಕೆರೆ, ಮುಂದೆ ಅಡ್ಡವಾಗಿ ಜಾರುವ ಗಾಡಿ, ಕಣ್ಣು ಮುಚ್ಚಿಸುವ ಧೂಳು. ಅದರ ನಡುವೆ ಇವಳಿಗೆ ನನ್ನ ತುಟಿ ಕಂಡಿತ್ತು. ನನಗೆ ಮಾತ್ರ ಏನೂ ತಿಳಿದಿರಲಿಲ್ಲ. ಮೈಯ ನಡುಕವೆಲ್ಲ ಅವಳದೆಂದೇ ಅಂದುಕೊಂಡಿದ್ದೆ, ನನ್ನ ಹಸಿದ ಹೊಟ್ಟೆಯ ನಡುಕವನ್ನೂ ಸೇರಿಸಿ.

ಗೆರೆಯ ಆಚೆ ಡೊಳ್ಳು ಶುರುವಾಯಿತು. ಹಿಂದಿನ ಗಾಡಿಗಳು ಒಂದೊಂದಾಗಿ ನಮ್ಮನ್ನು ದಾಟಿ ಹೋದವು. ಅವಳು ಸೀಟಿನ ಹಿಂದಕ್ಕೆ ಕೈ ಚಾಚಿದಳು.

"ಬ್ಯಾಡವಾ," ಎಂದೆ. "ಗೆರಿ ಇನ್ನೂ ದಾಟಿಲ್ಲ. ಇಲ್ಲೇ ಅದ ನೋಡು. ಮೆಲ್ಲಕ ಹೋಗಿ ದಾಟು, ಆಮ್ಯಾಲ ಬಿಚ್ಚು."

ಅವಳು ಬಾಗಿಲ ಬಳಿ ಮೊಣಕಾಲೂರಿ ಕೂತು ಬುತ್ತಿಯ ಗಂಟನ್ನು ಹಲ್ಲಿನಿಂದ ಎಳೆದು ಬಿಚ್ಚಿದಳು. ಮೊಸರನ್ನ. ನನಗೆ ಅಗಿಯಲು ಬಾರದ ಹಸಿಮೆಣಸಿನ ಚೂರುಗಳನ್ನು ಒಂದೊಂದಾಗಿ ಆಯ್ದು ಹೊರಗಿಟ್ಟಳು. ಆಮೇಲೆ ಡಬ್ಬಿಯನ್ನು ನನ್ನ ಮಡಿಲಲ್ಲಿಟ್ಟು, ನನ್ನ ಬೆರಳುಗಳನ್ನು ಚಮಚದ ಸುತ್ತ ಮಡಿಸಿ ಹಿಡಿಸಿದಳು.